ಪುಣೆಯ ತಾರಸಿಯಿಂದ ಹುಬ್ಬಳ್ಳಿ ವಿಮಾನದ ಹೊತ್ತು ಹಿಡಿದದ್ದು: ನನ್ನ ಅನುಭವ

ವಿಮಾನಗಳು ತಾವಿರುವ ಜಾಗ, ಎತ್ತರ, ವೇಗ ಸಾರುವ ರೇಡಿಯೋ ಸಂಕೇತ (ಎಡಿಎಸ್-ಬಿ) ಹಿಡಿಯಲು ಪುಣೆಯಲ್ಲಿ ಆಂಟೆನಾ ನಿಲ್ಲಿಸಿ, ವಿಮಾನ ಹುಬ್ಬಳ್ಳಿಯಲ್ಲಿ ಎಷ್ಟೊತ್ತಿಗೆ ನೆಲ ಮುಟ್ಟುತ್ತದೆ ಅಂತ ಹೇಳೋದು ಆಗದ ಮಾತು ಎಂದವರೇ ಹೆಚ್ಚು. ಈಗ ನಾನು ಹೇಳುವ ಹೊತ್ತಿಗೂ ನಿಜವಾದ ಹೊತ್ತಿಗೂ ಮೂರು-ನಾಲ್ಕು ನಿಮಿಷ ಅಂತರ, ಅಷ್ಟೇ. ಹುಬ್ಬಳ್ಳಿ ಗೋಕುಲ ರಸ್ತೆಯ ನೆಂಟರು ಅದನ್ನೇ ನಂಬಿ ಮನೆ ಬಿಡುತ್ತಾರೆ.

ಲೋಹೆಗಾಂವ್‌ನಿಂದ ಹುಬ್ಬಳ್ಳಿಗೆ (ಪುಣೆ ವಿಮಾನ ನಿಲ್ದಾಣ ಇರುವುದು ಲೋಹೆಗಾಂವ್‌ನಲ್ಲೇ) ನೇರ ಗೆರೆ ಸುಮಾರು 378 ಕಿ.ಮೀ., ಅಂದರೆ 204 ನಾಟಿಕಲ್ ಮೈಲಿ (ಮುಂದೆ ಬರೀ ಮೈಲಿ ಅಂದರೂ ಇದೇ). ಪ್ರೊಪೆಲರ್ ವಿಮಾನ ಎಟಿಆರ್-72ರ 270 ನಾಟ್ (ಗಂಟೆಗೆ 270 ನಾಟಿಕಲ್ ಮೈಲಿ) ವೇಗದಿಂದ ಭಾಗಿಸಿದರೆ 45 ನಿಮಿಷ ಬರುತ್ತದೆ. ಈ ಲೆಕ್ಕ ಯಾವತ್ತೂ ಕೈಕೊಡುತ್ತದೆ. ಏರುವಾಗ ವೇಗ 200 ನಾಟ್ ಆಸುಪಾಸು, 17,000 ಅಡಿ ಮುಟ್ಟಲು 14-15 ನಿಮಿಷ ಬೇಕು. ಇಳಿಯಲು 12. ದಾರಿಯೂ ಗೆರೆ ಎಳೆದಷ್ಟು ನೇರ ಇರುವುದಿಲ್ಲ. ಹಾಗಾಗಿ ಗಾಳಿಯಲ್ಲೇ 55 ನಿಮಿಷ, ಎರಡೂ ಕಡೆ ವಿಮಾನ ನೆಲದ ಮೇಲೆ ಉರುಳುವ ಹೊತ್ತೂ ಸೇರಿ 1 ಗಂಟೆ 10.

ನಿಜವಾದ ತೊಡಕು ಭೂಮಿಯ ಬಾಗು. ಹುಬ್ಬಳ್ಳಿಯ ನೆತ್ತಿಯ ಮೇಲಿನ ವಿಮಾನ ಇಲ್ಲಿಗೆ ಕಾಣಬೇಕಾದರೆ ಅದು 27,000 ಅಡಿ ಮೇಲಿರಬೇಕು. ಎಟಿಆರ್ ಹಾರುವ ಮಿತಿಯೇ 25,000. ಅದರ ಮೇಲೆ ದಕ್ಷಿಣಕ್ಕೆ ದಿವೆ ಘಾಟಿನ ಗುಡ್ಡಗಳ ಅಡ್ಡಿ. ಸಾಂಗಲಿ ದಾಟುತ್ತಿದ್ದಂತೆ ನಕ್ಷೆಯ ಮೇಲಿನ ವಿಮಾನದ ಚುಕ್ಕೆ ಮಾಯ, ಇನ್ನೂ 100 ಮೈಲಿ ಬಾಕಿ. ಅದನ್ನು ಎರಡು ತುಂಡು ಮಾಡಿ. ಹುಬ್ಬಳ್ಳಿ ನೆಲದ ಎತ್ತರ ಸುಮಾರು 2,170 ಅಡಿ, ಅಂದರೆ ಇಳಿಸಬೇಕಾದದ್ದು 15,000. ಸಾವಿರ ಅಡಿಗೆ 3 ಮೈಲಿಯಂತೆ 45 ಮೈಲಿ, 12 ನಿಮಿಷ. ಉಳಿದ 55 ಮೈಲಿಗೆ ಕೊನೆಯ ಚುಕ್ಕೆಯ ಗ್ರೌಂಡ್ ಸ್ಪೀಡನ್ನೇ (ನೆಲದ ಲೆಕ್ಕದ ವೇಗ) ಹಾಕಿ, ಹೆಚ್ಚುಕಡಿಮೆ 12 ನಿಮಿಷ. ಮಳೆಗಾಲದ ಪಡುವಣ ಗಾಳಿಗೆ ರನ್‌ವೇ 26 (ಪಶ್ಚಿಮಕ್ಕೆ ಮುಖಮಾಡಿ ಇಳಿಯುವ ದಿಕ್ಕು) ಬಳಕೆಯಲ್ಲಿದ್ದರೆ ವಿಮಾನ ಪೂರ್ವಕ್ಕೆ ಹೋಗಿ ತಿರುಗಿ ಬರಬೇಕು, 4-5 ನಿಮಿಷ ಸೇರಿಸಿ. ತಿಂಗಳುವಾರು ಹಾಕುವ ಇನ್ನೊಂದು ತಿದ್ದುಪಡಿ ಇದೆ, ಅದು ನನ್ನ ಹತ್ತಿರವೇ ಇರಲಿ.

ಆಂಟೆನಾ ನಿಲ್ಲಿಸುವವರ ದುಡ್ಡು ಹಾಳಾಗುವುದು ಕೇಬಲ್‌ನಲ್ಲಿ. ತಾರಸಿಯಿಂದ ಮನೆಯೊಳಗೆ 15 ಮೀಟರ್ ಟಿವಿ ಕೇಬಲ್ ಆರ್‌ಜಿ-6 ಎಳೆದರೆ ಅರ್ಧ ಸಿಗ್ನಲ್ ದಾರಿಯಲ್ಲೇ ಹೋಯಿತು. ಆರ್‌ಜಿ-58 ಎಂಬ ತೆಳು ಕೇಬಲ್ ಆದರೆ ಕೇಳಲೇಬೇಡಿ. ಡಾಂಗಲ್ (ಸಂಕೇತ ಹಿಡಿಯುವ ಯುಎಸ್‌ಬಿ ರೇಡಿಯೋ), ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್) ಎರಡನ್ನೂ ಪೆಟ್ಟಿಗೆಯಲ್ಲಿ ಹಾಕಿ ಆಂಟೆನಾದ ಬುಡದಲ್ಲೇ ಇಟ್ಟು, ಕೆಳಗೆ ನೆಟ್‌ವರ್ಕ್ ವೈರ್ ಮಾತ್ರ ಇಳಿಸಿ. ಕೇಬಲ್ ತುಂಡುಗಳನ್ನು ಜೋಡಿಸಿ ಆಂಟೆನಾ (ಕೊಆಕ್ಸಿಯಲ್ ಕೊಲಿನಿಯರ್) ಮಾಡುವವರು ಎಲ್ಲ ಕೇಬಲ್‌ಗೂ ಒಂದೇ ಅಳತೆ ಹಾಕಿ ಕೆಡಿಸುತ್ತಾರೆ. ಆರ್‌ಜಿ-58ಕ್ಕೆ ತುಂಡು 9.1 ಸೆಂ.ಮೀ., ಫೋಮ್ ಇರುವ ಆರ್‌ಜಿ-6ಕ್ಕೆ 11.5ರ ಆಸುಪಾಸು. ಅಷ್ಟು ತಲೆನೋವು ಬೇಡವಾದರೆ 6.9 ಸೆಂ.ಮೀ. ತಾಮ್ರದ ತಂತಿ, ಕೆಳಗೆ ಬಿಸ್ಕತ್ ಡಬ್ಬಿಯ ಮುಚ್ಚಳ ಸಾಕು. ಖರ್ಚು ನೂರೈವತ್ತು ರೂಪಾಯಿ ದಾಟುವುದಿಲ್ಲ. ಡಾಂಗಲ್‌ಗೆ ಮೂರೂವರೆ ಸಾವಿರ. ಹತ್ತಿರ ಮೊಬೈಲ್ ಟವರ್ ಇದ್ದರೆ ಗೇನ್ (ಡಾಂಗಲ್ ಸಿಗ್ನಲ್ ಹಿಗ್ಗಿಸುವ ಮಟ್ಟ) ಏರಿಸಿದಷ್ಟೂ ವಿಮಾನಗಳು ಕಡಿಮೆಯಾಗುತ್ತವೆ. ಗೇನ್ ಇಳಿಸಿ ನೋಡಿ, ಆಗದಿದ್ದರೆ ಮಾತ್ರ ಟವರ್ ಸಿಗ್ನಲ್ ತಡೆಯುವ ಫಿಲ್ಟರ್‌ಗೆ ಎರಡು ಸಾವಿರ ಹಾಕಿ.

ಇದೇ ಲೆಕ್ಕವನ್ನು ಗೋವಾದ ಎರಡು ವಿಮಾನ ನಿಲ್ದಾಣಗಳಿಗೂ ಹಾಕಿದೆ. ಪುಣೆಯಿಂದ ಮೋಪಾ 314 ಕಿ.ಮೀ., ದಾಬೋಲಿಂ 354. ಎರಡೂ ಬಹುತೇಕ ನೇರ ದಕ್ಷಿಣಕ್ಕೆ. ಜೆಟ್‌ಗೆ ಆ 40 ಕಿ.ಮೀ. ಅಂದರೆ ಮೂರು-ನಾಲ್ಕು ನಿಮಿಷ. ದಾಬೋಲಿಂ ಪಕ್ಕದ ವಾಸ್ಕೋಗೆ ಹೋಗುವವರು ಮೋಪಾದಲ್ಲಿ ಇಳಿದರೆ ಅದರ ಎಷ್ಟೋ ಪಟ್ಟು ರಸ್ತೆಯಲ್ಲಿ ಕಳೆಯುತ್ತಾರೆ, ಟ್ಯಾಕ್ಸಿ ಬಾಡಿಗೆ ಬೇರೆ.

ಕೊನೆಯದಾಗಿ, ತಾರಸಿಯ ಆ ಪೆಟ್ಟಿಗೆಗೆ ಬಿಳಿ ಬಣ್ಣ ಬಳಿದು ತೂತುಗಳನ್ನು ತಳದಲ್ಲಿ ಮಾತ್ರ ಕೊರೆಯಿರಿ. ಏಪ್ರಿಲ್ ಬಿಸಿಲಿಗೆ ಪೈ ನಿಧಾನವಾಗುತ್ತದೆ, ಜೂನ್‌ನಲ್ಲಿ ಕನೆಕ್ಟರ್‌ಗೆ ನೀರಿಳಿಯುತ್ತದೆ.