ಮಲೆನಾಡಿನಲ್ಲಿ ಕಂಡ ಕಪ್ಪೆಯ ಕುಟುಂಬವನ್ನು ಗುರುತಿಸುವ ಬಗೆ

ಮಳೆಗಾಲದ ರಾತ್ರಿ ಟಾರ್ಚ್ ಹಿಡಿದು ಹೊರಟವರು ಕಪ್ಪೆಯ ಬಣ್ಣ ನೋಡಿಯೇ ಹೆಸರು ಹೇಳಲು ಮುಂದಾಗುವುದುಂಟು. ಒಂದೇ ಪ್ರಭೇದದೊಳಗೆ ಬಣ್ಣ ಬಗೆಬಗೆಯಾಗಿರುವುದರಿಂದ ಅದನ್ನು ಬದಿಗಿಟ್ಟು, ಚರ್ಮ, ಬೆರಳ ತುದಿ ಮತ್ತು ಕುಳಿತ ಜಾಗ ಇವಿಷ್ಟನ್ನು ನೋಡಿ ಮೊದಲು ಕುಟುಂಬವನ್ನು, ಅಂದರೆ ಹತ್ತಿರದ ಸಂಬಂಧವಿರುವ ಪ್ರಭೇದಗಳ ಗುಂಪನ್ನು, ನಿರ್ಧರಿಸಬೇಕು.

ಒಣಗಿದಂತಿರುವ ಗಂಟುಗಂಟಾದ ಚರ್ಮವೂ ಕಣ್ಣಿನ ಹಿಂದೆ ಉಬ್ಬಿದ ವಿಷಗ್ರಂಥಿಯೂ ಇದ್ದರೆ ಅದು ನೆಲಗಪ್ಪೆಗಳ ಬ್ಯುಫೋನಿಡೇ ಕುಟುಂಬದ್ದು. ಅಂಗಳದ ದೀಪದ ಕೆಳಗೆ ಹುಳು ಹಿಡಿಯಲು ಬರುವುದು ಸಾಮಾನ್ಯವಾಗಿ ಇದೇ. ಗದ್ದೆಯ ಗೋಂಕುರು ಕಪ್ಪೆ ಡೈಕ್ರೊಗ್ಲಾಸಿಡೇ ಕುಟುಂಬಕ್ಕೆ ಸೇರಿದ್ದು, ಅದರ ಬೆನ್ನಿನ ಮೇಲೆ ಉದ್ದುದ್ದ ಚರ್ಮದ ಏಣುಗಳಿರುತ್ತವೆ, ಬೆರಳ ತುದಿಯಲ್ಲಿ ಬಿಲ್ಲೆಗಳು, ಅಂದರೆ ಚಪ್ಪಟೆಯಾಗಿ ಅಗಲವಾದ ತುದಿಗಳು, ಇರುವುದಿಲ್ಲ. ದುಂಡು ಮೈ, ಚಿಕ್ಕ ತಲೆ, ಕಿರಿದಾದ ಬಾಯಿ ಕಂಡರೆ ಮೈಕ್ರೊಹೈಲಿಡೇ ಎನ್ನಬಹುದು.

ಬೆರಳ ತುದಿಯಲ್ಲಿ ಅಗಲವಾದ ಬಿಲ್ಲೆಗಳಿದ್ದು ಕಪ್ಪೆ ಗಿಡದ ಮೇಲೆ ಕುಳಿತಿದ್ದರೆ ಮರಗಪ್ಪೆಗಳ ರಾಕೋಫೋರಿಡೇ ಇರಬಹುದು. ಆದರೆ ಬಿಲ್ಲೆಯೊಂದನ್ನೇ ನಂಬುವಂತಿಲ್ಲ, ಏಕೆಂದರೆ ರಾನಿಡೇ ಕುಟುಂಬದ ಕೆಲವಕ್ಕೂ ಅದು ಇರುತ್ತದೆ. ಅಂಥವುಗಳ ಬೆನ್ನಿನ ಎರಡೂ ಅಂಚುಗಳಲ್ಲಿ ಓಡುವ ಚರ್ಮದ ಮಡಿಕೆಯನ್ನು ಹುಡುಕಬೇಕು. ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ಮೊಟ್ಟೆಗಳಿರುವ ನೊರೆಗೂಡು ಸಿಕ್ಕರೆ ಅದು ರಾಕೋಫೋರಿಡೇ ಕುಟುಂಬಕ್ಕೆ ಬಲವಾದ ಸಾಕ್ಷಿ. ಅದೇ ಕುಟುಂಬದ ಪೊದೆಗಪ್ಪೆಗಳಲ್ಲಿ ಮಾತ್ರ ಗೊದಮೊಟ್ಟೆಯ ಹಂತ ಹೊರಗೆ ಕಾಣದೆ, ಮೊಟ್ಟೆಯಿಂದ ನೇರವಾಗಿ ಮರಿಗಪ್ಪೆಯೇ ಹೊರಬರುತ್ತದೆ.

ನನ್ನ ಮಟ್ಟಿಗೆ ನಿಜವಾದ ಪರೀಕ್ಷೆ ಇರುವುದು ಕಾಡಿನ ತೊರೆಗಳಲ್ಲಿ. ಹಗಲಿನಲ್ಲಿಯೇ ಬಂಡೆಯ ಮೇಲೆ ಕುಳಿತು, ಹಿಂಗಾಲನ್ನು ಚಾಚಿ ಬೆರಳ ನಡುವಿನ ಬಿಳಿ ಪೊರೆಯನ್ನು ಬೀಸಿ ತೋರಿಸುವ ಪುಟ್ಟ ಗಂಡು ಕಪ್ಪೆ ಮೈಕ್ರಿಕ್ಸಾಲಿಡೇ ಕುಟುಂಬದ್ದು. ಈ ಕುಟುಂಬ ಪಶ್ಚಿಮ ಘಟ್ಟವನ್ನು ಬಿಟ್ಟು ಬೇರೆಲ್ಲಿಯೂ ಇಲ್ಲ. 1937ರಲ್ಲಿ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣ ರಾವ್ ಅವರು ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದ ಹೆಸರಿನಲ್ಲಿ ವಿವರಿಸಿದ ಕಪ್ಪೆಯೂ ಇದರಲ್ಲಿದೆ. ಒದ್ದೆ ಬಂಡೆಯ ಮೈಗೆ ಅಂಟಿಕೊಂಡು ಬೆಳೆಯುವ ಗೊದಮೊಟ್ಟೆಗಳು ರಾನಿಕ್ಸಾಲಿಡೇ ಕುಟುಂಬದವು. ಸುಕ್ಕುಗಟ್ಟಿದ ಚರ್ಮದ ಇರುಳುಗಪ್ಪೆಗಳದ್ದು ನಿಕ್ಟಿಬಟ್ರಾಕಿಡೇ. ಇವುಗಳಲ್ಲಿ 2014ರಲ್ಲಿ ವಿವರಿಸಲಾದ ಕುಂಬಾರ ಕಪ್ಪೆಯ ಗಂಡು, ಹೆಣ್ಣು ಮೊಟ್ಟೆಯಿಟ್ಟ ಬಳಿಕ ಹಿಂಗಾಲುಗಳ ಮೇಲೆ ನಿಂತು, ಮುಂಗಾಲುಗಳಿಂದ ತೊರೆಯ ಕೆಸರನ್ನು ಎತ್ತಿ ಮೊಟ್ಟೆಗಳಿಗೆ ಮೆತ್ತುತ್ತದೆ.

ಗುರುತಿಸಲು ಕಪ್ಪೆಯನ್ನು ಹಿಡಿಯಬೇಕಾಗಿಲ್ಲ, ಹಿಡಿಯಲೂಬಾರದು. ಬೆನ್ನು, ಪಕ್ಕ ಮತ್ತು ಬೆರಳುಗಳ ಚಿತ್ರ ತೆಗೆದುಕೊಂಡು, ಕೂಗನ್ನು ಮೊಬೈಲಿನಲ್ಲಿ ದಾಖಲಿಸಿ, ಸ್ಥಳ ಮತ್ತು ಹೊತ್ತನ್ನು ಬರೆದಿಟ್ಟರೆ ಸಾಕು. ಒಂದು ತೊರೆಯಿಂದ ಮತ್ತೊಂದಕ್ಕೆ ಹೋಗುವ ಮೊದಲು, ಕಪ್ಪೆಗಳಿಗೆ ತಗಲುವ ಶಿಲೀಂಧ್ರ ರೋಗ ಹರಡದಂತೆ, ಬೂಟುಗಳ ಕೆಸರನ್ನು ತೊಳೆದು ಚೆನ್ನಾಗಿ ಒಣಗಿಸಬೇಕು.