ಮೊದಲ ಗಂಟೆ ಹೊಡೆಯುವ ಮುಂಚೆ: ಗ್ರೆಟೆಯನ್ನು ನೋಡಿ ಮ್ಯಾರಥಾನ್ ಕಲಿಯುವ ಬಗೆ

ಮೈಸೂರಿನ ಹೈಸ್ಕೂಲೊಂದರಲ್ಲಿ ನಾನು ಗಣಿತದ ಮೇಡಂ. ವಯಸ್ಸು 46. ಓಡಲು ಶುರು ಮಾಡಿದ್ದು 41ಕ್ಕೆ. ಇಲ್ಲಿಯವರೆಗೆ ಎರಡು ಪೂರ್ತಿ ಮ್ಯಾರಥಾನ್ (42.195 ಕಿ.ಮೀ.), ಆರು ಹಾಫ್ (ಅದರ ಅರ್ಧ). ಮೆಡಲ್ ಇವೆ, ಆದರೆ ಓಡಿ ಮುಗಿಸಿದ ಎಲ್ಲರ ಕೊರಳಿಗೂ ಹಾಕುತ್ತಾರಲ್ಲ, ಅವೇ. ಈಗ ನಮ್ಮ ಸ್ಟಾಫ್ ರೂಮಿನ ಮೂವರು ಮೇಡಂಗಳು ‘ನಮಗೂ ಹೇಳಿಕೊಡಿ’ ಎಂದು ಗಂಟುಬಿದ್ದಿದ್ದಾರೆ. ಅವರಿಗೆ ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ನನಗೆ ಕೋಚ್ ಅಂತ ಯಾರೂ ಇಲ್ಲ. ನಾರ್ವೆಯ ಗ್ರೆಟೆ ವೈಟ್ಸ್‌ಳ ಓಟಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, ಅದರಲ್ಲಿ ನನ್ನ ಮಂಡಿಗೆ ಒಗ್ಗುವುದನ್ನು ಆರಿಸಿಕೊಂಡೆ, ಅಷ್ಟೇ. ನ್ಯೂಯಾರ್ಕ್ ಮ್ಯಾರಥಾನನ್ನು ಒಂಬತ್ತು ಸಲ ಗೆದ್ದವಳು. 1983ರಲ್ಲಿ ಹೆಲ್ಸಿಂಕಿಯಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ ಮ್ಯಾರಥಾನ್ ಚಿನ್ನ ಅವಳದೇ. ಆದರೆ ನಾನು ಅವಳನ್ನು ಹಿಡಿದುಕೊಂಡದ್ದು ಅದಕ್ಕಲ್ಲ. ಅವಳೂ ಮೇಡಂ. ಓಸ್ಲೋದಲ್ಲಿ ಪಾಠ ಮಾಡುತ್ತಿದ್ದಳು. ಬೆಳಗಿನ ಐದಕ್ಕೆಲ್ಲ ಎದ್ದು ಓಡಿ ಶಾಲೆಗೆ ಹೋಗುತ್ತಿದ್ದಳು, ಸಂಜೆ ಮತ್ತೆ ಓಡುತ್ತಿದ್ದಳು. ಇಷ್ಟು ವರ್ಷ ಜೊತೆಗಿಟ್ಟುಕೊಂಡು ಮನೆಯವಳೇ ಆಗಿಹೋಗಿದ್ದಾಳೆ, ಏಕವಚನವನ್ನು ಮನ್ನಿಸಿ.

ಮೊದಲು ಅವಳ ತಪ್ಪು ಓದಿ

1978ರ ಹೊತ್ತಿಗೆ ಗ್ರೆಟೆ ಟ್ರ್ಯಾಕ್ ಓಟಗಾರ್ತಿ. 3000 ಮೀಟರಿನಲ್ಲಿ 1975ರಲ್ಲೊಮ್ಮೆ, 1976ರಲ್ಲೊಮ್ಮೆ ವಿಶ್ವದಾಖಲೆ ಮಾಡಿದ್ದಳು. ಏನು ಮಾಡುವುದು, ಆಗಿನ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ 1500 ಮೀಟರಿಗಿಂತ ಉದ್ದದ ಓಟವೇ ಇರಲಿಲ್ಲ. ಮ್ಯೂನಿಕ್, ಮಾಂಟ್ರಿಯಲ್ ಎರಡಕ್ಕೂ ಹೋಗಿ 1500 ಓಡಿ, ಫೈನಲ್ ಮುಟ್ಟದೆ ಬಂದಳು. ಇನ್ನು ಸಾಕು ಎನ್ನುವ ಹೊತ್ತಿಗೆ ಗಂಡ ಜ್ಯಾಕ್, ನ್ಯೂಯಾರ್ಕ್ ನೋಡಿದ ಹಾಗೂ ಆಗುತ್ತದೆ, ಒಂದು ಮ್ಯಾರಥಾನ್ ಓಡು ಎಂದ. ಸಂಘಟಕ ಫ್ರೆಡ್ ಲೆಬೌ ಅವಳನ್ನು ಕರೆಸಿದ್ದು ಗೆಲ್ಲಲಿ ಎಂದಲ್ಲ. ಶುರುವಿನಲ್ಲಿ ಜೋರಾಗಿ ಓಡಿ ಉಳಿದವರನ್ನು ಎಳೆದುಕೊಂಡು ಹೋಗಲಿ ಎಂದು. ಅಂಥವರಿಗೆ ಓಟದವರ ಬಾಯಲ್ಲಿ ‘ರ‍್ಯಾಬಿಟ್’ ಎಂದು ಹೆಸರು.

ಅಲ್ಲಿಯವರೆಗೆ ಒಂದೇ ಸಲಕ್ಕೆ ಅವಳು ಓಡಿದ್ದ ಹೆಚ್ಚಿನ ದೂರ ಸುಮಾರು 20 ಕಿ.ಮೀ. ಹಿಂದಿನ ರಾತ್ರಿಯ ಊಟ ಸೀಗಡಿ, ಮಾಂಸ, ಕೆಂಪು ವೈನು, ಮೇಲೆ ಐಸ್‌ಕ್ರೀಂ. ರಸ್ತೆಯಲ್ಲಿ ಮೈಲಿ ಲೆಕ್ಕದ ಗುರುತು. ಕಿಲೋಮೀಟರ್ ಲೆಕ್ಕದಲ್ಲಿ ಬೆಳೆದವಳಿಗೆ ಎಷ್ಟು ದೂರ ಬಂದೆ, ಇನ್ನೆಷ್ಟಿದೆ ಒಂದೂ ತಿಳಿಯದು. ಸೆಂಟ್ರಲ್ ಪಾರ್ಕಿನಲ್ಲಿ ಮುಗಿಯುತ್ತದೆ ಎಂದಷ್ಟೇ ಗೊತ್ತಿತ್ತು, ಹಾಗಾಗಿ ನಾಲ್ಕು ಮರ ಒಟ್ಟಿಗೆ ಕಂಡಲ್ಲೆಲ್ಲ ಪಾರ್ಕ್ ಬಂತು ಎಂದುಕೊಂಡಳಂತೆ. ಕೊನೆಕೊನೆಗೆ ತೊಡೆ ಹಿಡಿದುಕೊಂಡಿತು. ಗೆರೆ ದಾಟಿದವಳೇ ಶೂ ಕಿತ್ತು ಗಂಡನ ಮೇಲೆಸೆದು, ಇಂಥ ಹುಚ್ಚು ಕೆಲಸ ಇನ್ನು ಜನ್ಮದಲ್ಲಿ ಮಾಡುವುದಿಲ್ಲ ಎಂದು ಕೂಗಾಡಿದಳು. ಗೆದ್ದಿದ್ದಳು. 2:32:30, ಅಂದರೆ 2 ಗಂಟೆ 32 ನಿಮಿಷ 30 ಸೆಕೆಂಡ್, ಹಳೆಯ ವಿಶ್ವದಾಖಲೆಗಿಂತ ಎರಡು ನಿಮಿಷಕ್ಕೂ ಹೆಚ್ಚು ಮುಂಚೆ.

ಇದನ್ನು ಹೇಳಿದ ಕೂಡಲೇ ಸ್ಟಾಫ್ ರೂಮಿನಲ್ಲಿ ಒಬ್ಬರು ‘ಹಾಗಾದ್ರೆ 20 ಕಿಲೋಮೀಟರ್ ಓಡಿದ್ರೂ ಸಾಕಾಯ್ತಲ್ಲ ಮೇಡಂ?’ ಎಂದರು. ಸಾಲದು. ಚಾಕ್ ತೆಗೆದುಕೊಂಡು ಬೋರ್ಡಿನ ಮೇಲೇ ಲೆಕ್ಕ ಮಾಡಿ ತೋರಿಸಿದೆ. ಅವಳ 3000 ಮೀಟರ್ ದಾಖಲೆ 8 ನಿಮಿಷ 45.4 ಸೆಕೆಂಡ್. ಅಂದರೆ ಕಿಲೋಮೀಟರಿಗೆ 2:55. ನ್ಯೂಯಾರ್ಕಿನಲ್ಲಿ ಓಡಿದ್ದು ಕಿಲೋಮೀಟರಿಗೆ 3:37ರಂತೆ. ತನಗೆ ಗೊತ್ತಿದ್ದ ವೇಗಕ್ಕಿಂತ ಪ್ರತಿ ಕಿಲೋಮೀಟರಿಗೆ 42 ಸೆಕೆಂಡ್ ನಿಧಾನ! ಮೇಲೆ ಅದೇ ವರ್ಷ ಗ್ಲಾಸ್ಗೋದಲ್ಲಿ ವಿಶ್ವ ಕ್ರಾಸ್‌ಕಂಟ್ರಿ (ಹುಲ್ಲು, ಮಣ್ಣು, ದಿಬ್ಬದ ಮೇಲಿನ ಓಟ) ಗೆದ್ದು ಬಂದ ಕಾಲು. ಹುಡುಗಿಯಾಗಿದ್ದಾಗಿನಿಂದ ಕೂಡಿಟ್ಟ ಗಂಟು ಅದು. ಆವತ್ತು ಒಂದೇ ದಿನ ಬಿಚ್ಚಿ ಖರ್ಚು ಮಾಡಿದಳು. ನಮ್ಮ ಹತ್ತಿರ ಆ ಗಂಟೆಲ್ಲಿದೆ?

ಹಾಗಾಗಿ ನಿಮ್ಮ ಮೊದಲ ಕೆಲಸ ಗಂಟು ಕಟ್ಟುವುದು. ವಾರಕ್ಕೆ ಮೂರು ದಿನ, ದಿನಕ್ಕೆ ಅರ್ಧ ಗಂಟೆ. ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ. ಎರಡು ತಿಂಗಳಲ್ಲಿ ನಡಿಗೆ ತಾನಾಗಿ ಕರಗುತ್ತದೆ. ಆಮೇಲೆ ಭಾನುವಾರವನ್ನು ಉದ್ದದ ಓಟಕ್ಕೆ ಇಟ್ಟುಕೊಳ್ಳಿ. ವಾರಕ್ಕೆ ಒಂದು, ಹೆಚ್ಚೆಂದರೆ ಒಂದೂವರೆ ಕಿ.ಮೀ. ಏರಿಸಿ, ನಾಲ್ಕನೆಯ ವಾರ ಇಳಿಸಿ. 30 ಕಿ.ಮೀ. ಎರಡು ಸಲ ಆಗುವವರೆಗೆ ಪೂರ್ತಿ ಮ್ಯಾರಥಾನಿಗೆ ದುಡ್ಡು ಕಟ್ಟಬೇಡಿ. ವರ್ಷ, ಒಂದೂವರೆ ವರ್ಷ ಹಿಡಿಯುತ್ತದೆ, ಹಿಡಿಯಲಿ. 40 ದಾಟಿದ್ದರೆ ಶುರು ಮಾಡುವ ಮೊದಲೇ ಒಮ್ಮೆ ಡಾಕ್ಟರ ಹತ್ತಿರ ಹೋಗಿ, ಹಿಮೋಗ್ಲೋಬಿನ್ ತಪ್ಪದೆ ನೋಡಿಸಿ. ನನ್ನದು 9ರ ಹತ್ತಿರ ಇತ್ತು. ಮೂರು ತಿಂಗಳು ಕಬ್ಬಿಣದ ಮಾತ್ರೆ ನುಂಗಿದ ಮೇಲೆಯೇ ಓಟಕ್ಕೊಂದು ರುಚಿ ಬಂದದ್ದು.

ದೂರಕ್ಕೆಂದೇ ಮೈ ಹದ ಮಾಡಿಕೊಂಡ ಮೇಲೆ ಗ್ರೆಟೆ ಏನಾದಳು ನೋಡಿ. 1979ರಲ್ಲಿ ಅದೇ ನ್ಯೂಯಾರ್ಕಿನಲ್ಲಿ 2:27:33. ಎರಡೂವರೆ ಗಂಟೆಯೊಳಗೆ ಮುಗಿಸಿದ ಮೊದಲ ಹೆಂಗಸು. 1980ರಲ್ಲಿ 2:25:42.

ಐದು ಗಂಟೆ

ಓಸ್ಲೋದ ಚಳಿಗಾಲದಲ್ಲಿ ಬೆಳಗಿನ ಐದು ಎಂದರೆ ಕಗ್ಗತ್ತಲೆ, ಕಾಲಡಿ ಹಿಮ. ಮೈಸೂರಿನಲ್ಲಿ ಹಿಮ ಇಲ್ಲ, ನಾಯಿಗಳಿವೆ. ನಮ್ಮ ಬೀದಿಯ ತಿರುವಿನಲ್ಲಿ ನಾಲ್ಕು ಇದ್ದವು. ಮೊದಲ ತಿಂಗಳು ಅವು ಅಟ್ಟಿಸಿಕೊಂಡು ಬಂದದ್ದೇ ನನ್ನ ಸ್ಪೀಡ್ ಟ್ರೈನಿಂಗ್. ಆಮೇಲೆ ಗೊತ್ತಾಯಿತು: ನಾಯಿ ಕಂಡರೆ ಓಡಬಾರದು, ನಡೆಯಬೇಕು. ದಾಟಿದ ಮೇಲೆ ಓಡಬೇಕು. ಕತ್ತಲಿರುವಷ್ಟು ಹೊತ್ತು ಇಬ್ಬರು ಜೊತೆಯಾಗಿ ಹೋಗಿ. ಕುಕ್ಕರಹಳ್ಳಿ ಕೆರೆಯ ಏರಿಯ ಹಾಗೆ ಜನ ಓಡಾಡುವ ಜಾಗ ಹಿಡಿಯಿರಿ. ಒಬ್ಬರೇ ಆದರೆ ಬೆಳಕು ಹರಿಯಲಿ.

ಬೆಳಗಿನ ಓಟ ಶುರುವಾಗುವುದು ಹಿಂದಿನ ರಾತ್ರಿ, ಅದೂ ಅಡುಗೆಮನೆಯಲ್ಲಿ. ನನ್ನ ರಾತ್ರಿ ಹೀಗೆ: ಹುರುಳಿಕಾಯಿ ಸೋಸಿ ಡಬ್ಬಿಗೆ, ಕಾಯಿ ತುರಿದು ಫ್ರಿಜ್ಜಿಗೆ, ಚಪಾತಿ ಹಿಟ್ಟು ಕಲಸಿ ಮೇಲೆ ಒದ್ದೆ ಬಟ್ಟೆ. ಓಡುವ ಬಟ್ಟೆ ಕುರ್ಚಿಯ ಮೇಲೆ ಹಾಕಿಕೊಳ್ಳುವ ಕ್ರಮದಲ್ಲೇ, ಶೂ ಒಳಗೆ ಸಾಕ್ಸ್. ಫೋನನ್ನು ತಲೆದಿಂಬಿನ ಹತ್ತಿರ ಇಟ್ಟರೆ ಅಲಾರಂ ಒತ್ತಿ ಮಲಗುತ್ತೇನೆ ಎಂದು ಗೊತ್ತಿದ್ದೇ ಅಡುಗೆಮನೆಯ ಫ್ರಿಜ್ಜಿನ ಮೇಲಿಡುತ್ತೇನೆ. ಅದು ಹೊಡೆದುಕೊಂಡರೆ ಅತ್ತೆಗೆ ಎಚ್ಚರವಾಗುತ್ತದೆ. ಅತ್ತೆಗೆ ಎಚ್ಚರವಾದರೆ ‘ಯಾವ ಪುರುಷಾರ್ಥಕ್ಕೆ ಓಡ್ತೀಯಮ್ಮಾ?’ ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆ ತಪ್ಪಿಸಿಕೊಳ್ಳಲು ಮೊದಲ ರಿಂಗಿಗೇ ಎದ್ದಿರುತ್ತೇನೆ. ಐದು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ.

ಮುಟ್ಟಿನ ದಿನ ಓಡಬಹುದೇ ಎಂದು ಎಲ್ಲರೂ ಪಿಸುಮಾತಿನಲ್ಲಿ ಕೇಳುತ್ತಾರೆ. ಮೈ ಒಪ್ಪಿದರೆ ಓಡಿ, ಇಲ್ಲದಿದ್ದರೆ ಮಲಗಿ.

ಹದಿನೇಳರ ಮಗ್ಗಿ

ಎಷ್ಟು ವೇಗದಲ್ಲಿ ಓಡಬೇಕು? ವಾಚು ಕೊಳ್ಳುವ ಮೊದಲು ಇದನ್ನು ಮಾಡಿ. ಓಡುತ್ತಾ ಹದಿನೇಳರ ಮಗ್ಗಿ ಬಾಯಿಬಿಟ್ಟು ಹೇಳಿ. ಹದಿನೇಳೊಂದ್ಲ ಹದಿನೇಳು, ಹದಿನೇಳೆರಡ್ಲ ಮೂವತ್ನಾಲ್ಕು... ಹದಿನೇಳಾರ್ಲ ನೂರಾ ಎರಡು ಬರುವ ಹೊತ್ತಿಗೆ ಮಧ್ಯೆ ಉಸಿರು ಕಟ್ಟಿದರೆ ವೇಗ ಜಾಸ್ತಿಯಾಯಿತು, ಇಳಿಸಿ. ಕೊನೆಯವರೆಗೆ ಹೇಳಿ ಇಪ್ಪತ್ತರ ಮಗ್ಗಿಗೂ ಬಾಯಿ ಹಾಕಬಹುದು ಎನಿಸಿದರೆ ಅದೇ ಸರಿಯಾದ ವೇಗ. ಕೆರೆಯ ಏರಿಯ ಮೇಲೆ ವಾಕಿಂಗಿನ ಹಿರಿಯರು ನನ್ನನ್ನು ಒಂದು ಥರಾ ನೋಡುತ್ತಾರೆ. ಒಬ್ಬರು ಮಾತ್ರ ಒಮ್ಮೆ ‘ಹದಿನೇಳೆಂಟ್ಲ ನೂರಾ ಮೂವತ್ತಾರಮ್ಮಾ’ ಎಂದು ತಿದ್ದಿದರು. ನಾನು ನೂರಾ ಇಪ್ಪತ್ತಾರು ಎಂದಿದ್ದೆ. ಗಣಿತದ ಮೇಡಂ!

ವಾರದ ಓಟದಲ್ಲಿ ಮುಕ್ಕಾಲುಪಾಲು ಈ ಮಗ್ಗಿಯ ವೇಗದಲ್ಲೇ ಇರಲಿ. ಉಳಿದ ಕಾಲುಪಾಲಿಗೆ ಗ್ರೆಟೆಯ ಟ್ರ್ಯಾಕ್ ನೆನೆಯಿರಿ. ವಾರಕ್ಕೊಮ್ಮೆ, ಹೆಚ್ಚಲ್ಲ, ಶಾಲೆಯ ಮೈದಾನದಲ್ಲಿ ಸ್ಪೋರ್ಟ್ಸ್ ಡೇಗೆ ಹಾಕಿದ ಸುಣ್ಣದ ಗೆರೆ ಹಿಡಿದು 400 ಮೀಟರ್ ಜೋರಾಗಿ, ಆಮೇಲೆ ಎರಡು ನಿಮಿಷ ನಡಿಗೆ. ಆರು ಸಲ. ಆರನೆಯದು ಮೊದಲನೆಯದಕ್ಕಿಂತ ನಿಧಾನವಾದರೆ ಮೊದಲನೆಯದರಲ್ಲಿ ಜಂಬ ಮಾಡಿದ್ದೀರಿ ಎಂದರ್ಥ.

ಇಳಿಜಾರು ಮತ್ತು ನಿಲ್ಲುವುದು

1982ರ ಬಾಸ್ಟನ್. ಗ್ರೆಟೆ ಮುಂದಿದ್ದಳು. 23ನೆಯ ಮೈಲಿಯ ಹತ್ತಿರ ತೊಡೆಯ ಸ್ನಾಯು ಕಲ್ಲಾಗಿ ಬದಿಗೆ ಸರಿದು ನಿಂತುಬಿಟ್ಟಳು. ಬಾಸ್ಟನ್ ಓಟದಲ್ಲಿ ಇಳಿಜಾರು ಹೆಚ್ಚು. ಇಳಿಯುವಾಗ ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗ ಬ್ರೇಕಿನಂತೆ ಮೈಭಾರ ತಡೆಯುತ್ತದೆ, ಸುಸ್ತು ಕಾಣುವುದು ತಡವಾಗಿ. ಚಾಮುಂಡಿ ಬೆಟ್ಟ ಹತ್ತುವವರೆಲ್ಲ ಹತ್ತಿದ್ದನ್ನೇ ಹೇಳಿಕೊಳ್ಳುತ್ತಾರೆ. ಮಾರನೆಯ ದಿನ ಕ್ಲಾಸಿನಲ್ಲಿ ಕುರ್ಚಿಯಿಂದ ಏಳಲಾಗದಂತೆ ಮಾಡುವುದು ಇಳಿದದ್ದು. ನಿಮ್ಮ ಓಟದ ದಾರಿಯಲ್ಲಿ ಇಳಿಜಾರಿದ್ದರೆ ತಿಂಗಳಿಗೆ ಎರಡು ಸಲ ಬೆಟ್ಟದ ರಸ್ತೆಯಲ್ಲಿ ಇಳಿಯುವುದನ್ನೂ ಕಲಿಯಿರಿ. ಹೆಜ್ಜೆ ಚಿಕ್ಕದು, ಮಂಡಿ ಸ್ವಲ್ಪ ಬಗ್ಗಿರಲಿ, ಮೈ ಹಿಂದಕ್ಕೆ ವಾಲದಿರಲಿ. ಮೆಟ್ಟಿಲಲ್ಲಿ ಓಡಿ ಇಳಿಯಬೇಡಿ.

ಆ ಬಾಸ್ಟನ್ ಓಟಕ್ಕೆ ಹಿಂದಿನ ವರ್ಷ ಗ್ರೆಟೆ ನ್ಯೂಯಾರ್ಕಿನಲ್ಲೂ ಮೊಣಕಾಲ ಕೆಳಗಿನ ಮೂಳೆಯ ನೋವಿನಿಂದ ಅರ್ಧಕ್ಕೇ ಬಿಟ್ಟಿದ್ದಳು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಮಂಡಿ ಕೈಕೊಟ್ಟು ಮತ್ತೆ ಹೊರಗೆ. ಅದೇ 1988ರ ನವೆಂಬರಿನಲ್ಲಿ ನ್ಯೂಯಾರ್ಕಿಗೆ ಬಂದು ಒಂಬತ್ತನೆಯ ಸಲ ಗೆದ್ದಳು. ಸೋಲ್‌ನಲ್ಲಿ ಹಲ್ಲುಕಚ್ಚಿ ಕುಂಟಿಕೊಂಡು ಮುಗಿಸಿದ್ದರೆ ಆ ಒಂಬತ್ತನೆಯದು ಇರುತ್ತಿತ್ತೇ ಎಂದು ನನಗೆ ಅನುಮಾನ.

ನಾನು ಈ ಪಾಠವನ್ನು ಓದಿಯೂ ಕಲಿಯಲಿಲ್ಲ. ಎರಡನೆಯ ವರ್ಷ ಬಲಗಾಲಿನ ಮುಂಗಾಲ ಮೂಳೆಯಲ್ಲಿ ಬೆರಳಿನಿಂದ ತೋರಿಸಬಹುದಾದಂಥ ಒಂದು ಚುಕ್ಕೆ ನೋವು. ಮೂವ್ ಹಚ್ಚಿಕೊಂಡು ಮೂರು ವಾರ ಓಡಿದೆ. ಆಮೇಲೆ ಎರಡು ತಿಂಗಳು ಮೆಟ್ಟಿಲನ್ನೂ ಹತ್ತಲಿಲ್ಲ. ಹತ್ತನೆಯ ಕ್ಲಾಸಿಗೆ ಕುರ್ಚಿಯಲ್ಲಿ ಕೂತೇ ಪಾಠ. ಈಗ ನನ್ನ ಲೆಕ್ಕ ಸರಳ: ತೊಡೆಯೆಲ್ಲ ಹರಡಿಕೊಂಡ ನೋವಾದರೆ ನಿಧಾನಕ್ಕೆ ಓಡಿ. ಬೆರಳಿಟ್ಟು ‘ಇಲ್ಲೇ’ ಎನ್ನಬಹುದಾದ ನೋವಾದರೆ ಆಟೋ ಹತ್ತಿ ಮನೆಗೆ ಬನ್ನಿ. ಚೀಲದಲ್ಲಿ ಯಾವಾಗಲೂ ನೂರು ರೂಪಾಯಿ ಇರಲಿ.

ಓಟದ ದಿನ

ಹಿಂದಿನ ರಾತ್ರಿ ಹೊಸದೇನೂ ಬೇಡ. ಗ್ರೆಟೆಗೆ ವೈನು ಐಸ್‌ಕ್ರೀಂ ದಕ್ಕಿತು, ನಮಗೆ ಅನ್ನ ಸಾರು ಸಾಕು. ಬೆಳಿಗ್ಗೆ ಎರಡು ಏಲಕ್ಕಿ ಬಾಳೆಹಣ್ಣು, ಅರ್ಧ ಲೋಟ ಕಾಫಿ. ತೊಡೆಗೆ, ಒಳ ಉಡುಪಿನ ಅಂಚು ತಾಗುವಲ್ಲಿಗೆ ಧಾರಾಳವಾಗಿ ವ್ಯಾಸಲೀನ್. ಇದನ್ನು ಮರೆತವರು ಸ್ನಾನದ ಬಿಸಿನೀರು ಬಿದ್ದಾಗ ನನ್ನನ್ನು ನೆನೆಯುತ್ತಾರೆ. ಹೊಸ ಶೂ ಹಾಕಿಕೊಂಡು ಓಡಬೇಡಿ. ಬಾಯಾರುವವರೆಗೆ ಕಾಯದೆ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡು ಗುಟುಕು ಕುಡಿಯಿರಿ, ಉಪ್ಪು ಸಕ್ಕರೆ ಹಾಕಿದ ನಿಂಬೆ ಪಾನಕ ನನಗೆ ಒಗ್ಗುತ್ತದೆ.

ಇನ್ನು ವೇಗ. 1984ರ ಲಾಸ್ ಏಂಜಲೀಸ್‌ನಲ್ಲಿ ಒಲಿಂಪಿಕ್ಸ್ ಹೆಂಗಸರಿಗೆ ಮೊದಲ ಬಾರಿ ಮ್ಯಾರಥಾನ್ ಇಟ್ಟಿತು. ಐದು ಕಿ.ಮೀ. ಆಗುವಷ್ಟರಲ್ಲೇ ಅಮೆರಿಕದ ಜೋನ್ ಬೆನಾಯ್ಟ್ ಗುಂಪಿನಿಂದ ಕಳಚಿಕೊಂಡು ಮುಂದೆ ಹೋದಳು. ಈ ಬಿಸಿಲಲ್ಲಿ ಎಷ್ಟು ದೂರ ಹೋದಾಳು, ಸಿಕ್ಕೇ ಸಿಗುತ್ತಾಳೆ ಎಂದು ಉಳಿದವರು ಬಿಟ್ಟರು. ಸಿಗಲಿಲ್ಲ. ಬೆನಾಯ್ಟ್ 2:24:52, ಗ್ರೆಟೆ 2:26:18. ಎಂಬತ್ತಾರು ಸೆಕೆಂಡ್ ಹಿಂದೆ ಬಿದ್ದು ಬೆಳ್ಳಿ. ಹಿಂದೆಯೇ ಹೋಗಬೇಕಿತ್ತು ಎಂದು ಈಗಲೂ ವಾದಿಸುವವರಿದ್ದಾರೆ. ಆದರೆ ಹಿಂದಿನ ದಿನವಷ್ಟೇ ಬೆನ್ನು ಹಿಡಿದುಕೊಂಡಿದ್ದವಳು ಗ್ರೆಟೆ. ಬೆನ್ನಟ್ಟಿದ್ದರೆ ಬೆಳ್ಳಿಯೂ ಹೋಗುತ್ತಿತ್ತೇನೋ. ಚಿನ್ನಕ್ಕೆ ಓಡುವವರು ಈ ವಾದ ಮಾಡಿಕೊಳ್ಳಲಿ. ಮೊದಲ ಐದು ಕಿಲೋಮೀಟರಿನಲ್ಲಿ ನಿಮ್ಮನ್ನು ಯಾರಾದರೂ ದಾಟಿ ಹೋದರೆ ಹೋಗಲಿ ಬಿಡಿ, ಮಗ್ಗಿ ಹೇಳಿಕೊಳ್ಳಿ. 32 ದಾಟಿದ ಮೇಲೆ ಅವರಲ್ಲಿ ಅರ್ಧ ಜನ ರಸ್ತೆ ಬದಿಯಲ್ಲಿ ಕಾಲು ತಿಕ್ಕಿಕೊಳ್ಳುತ್ತಿರುತ್ತಾರೆ.

ಎಷ್ಟು ಹೊತ್ತಿನಲ್ಲಿ ಮುಗಿಸಬೇಕು ಎಂದು ಕೇಳುವವರಿಗೆ ನಾನು ಗ್ರೆಟೆಯ ಒಂದೇ ಒಂದು ಓಟ ತೋರಿಸುತ್ತೇನೆ. ಅದರಲ್ಲಿ ಅವಳು ಗೆಲ್ಲಲಿಲ್ಲ. 1992ರ ನ್ಯೂಯಾರ್ಕ್. ಅವಳನ್ನು ರ‍್ಯಾಬಿಟ್ ಮಾಡಿ ಕರೆಸಿದ್ದ ಅದೇ ಫ್ರೆಡ್ ಲೆಬೌಗೆ ಆಗ 60 ವರ್ಷ, ಮೆದುಳಿನ ಕ್ಯಾನ್ಸರಿಗೆ ಚಿಕಿತ್ಸೆ ಮಾಡಿಸಿಕೊಂಡು ಎದ್ದಿದ್ದ. ತಾನೇ ಕಟ್ಟಿ ಬೆಳೆಸಿದ ಓಟವನ್ನು ಪೂರ್ತಿ ಓಡಬೇಕು ಎಂಬ ಆಸೆ ಅವನಿಗೆ. ಗ್ರೆಟೆ ಪಕ್ಕದಲ್ಲೇ ಓಡಿದಳು, ಅವನ ಹೆಜ್ಜೆಗೆ ಹೆಜ್ಜೆ ಹಾಕಿ, ಮೊದಲಿಂದ ಕೊನೆಯವರೆಗೆ. ಇಬ್ಬರೂ ಅಳುತ್ತಾ ಗೆರೆ ದಾಟಿದರು. 5:32:35. ಎರಡು ವರ್ಷದ ಮೇಲೆ ಅವನು ಹೋದ. 2011ರಲ್ಲಿ, 57ನೆಯ ವಯಸ್ಸಿಗೆ, ಅವಳನ್ನೂ ಕ್ಯಾನ್ಸರೇ ಕರೆದುಕೊಂಡು ಹೋಯಿತು.

ಕಿಲೋಮೀಟರಿಗೆ 7 ನಿಮಿಷ 53 ಸೆಕೆಂಡ್. ಭಾಗಾಕಾರ ಮಾಡಿ ನೋಡಿದ್ದೇನೆ. ಆ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು, ಓಟದ ದಿನ ಎದೆಯ ನಂಬರಿನ ಹಿಂದೆ ಸೇಫ್ಟಿ ಪಿನ್ನಿನಿಂದ ಸಿಕ್ಕಿಸಿಕೊಳ್ಳುತ್ತೇನೆ. ಕಳೆದ ಸಲ ನನ್ನದು 7:49.