ಎಂಎಸ್ ಇರುವವರಿಗೆ ನುಂಗುವ ತೊಂದರೆ ಇದೆಯೇ? ಬೇಗ ಪತ್ತೆ ಮಾಡುವುದು ಹೀಗೆ

ನೀರು ಕುಡಿಯುವಾಗ ನೆತ್ತಿಗೇರಿದರೆ ನಮ್ಮ ಮನೆಗಳಲ್ಲಿ ತಲೆ ತಟ್ಟಿ, ‘ಯಾರೋ ನೆನೆಸಿಕೊಂಡಿರಬೇಕು’ ಎಂದು ಸುಮ್ಮನಾಗುತ್ತೇವೆ. ಮೆದುಳು, ಬೆನ್ನುಹುರಿಯ ನರಗಳನ್ನು ಬಾಧಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಇರುವವರ ವಿಷಯದಲ್ಲಿ ಹಾಗೆ ಸುಮ್ಮನಾಗಬಾರದು. ಈ ಕಾಯಿಲೆ ಇರುವ ಸುಮಾರು ಮೂವರಲ್ಲಿ ಒಬ್ಬರಿಗೆ ನುಂಗುವ ತೊಂದರೆ ಇರುತ್ತದೆ. ಆದರೆ ‘ನುಂಗೋಕೆ ಕಷ್ಟ ಆಗುತ್ತಾ?’ ಎಂದು ಕೇಳಿದರೆ ಹೆಚ್ಚಿನವರು ಇಲ್ಲ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ. ತೊಂದರೆ ನಿಧಾನವಾಗಿ ಬರುವುದರಿಂದ ಚಪಾತಿ ಬಿಟ್ಟು ಅನ್ನಕ್ಕೆ, ಅನ್ನ ಬಿಟ್ಟು ಗಂಜಿಗೆ ತಮಗೇ ತಿಳಿಯದಂತೆ ಹೊಂದಿಕೊಂಡಿರುತ್ತಾರೆ.

ನುಂಗುವಾಗ ಗಂಟಲಿನಲ್ಲಿ ನಡೆಯುವ ಮುಖ್ಯ ಕೆಲಸ ಒಂದು ಸೆಕೆಂಡಿನಷ್ಟರಲ್ಲಿ ಮುಗಿಯುತ್ತದೆ. ಉಸಿರು ಕ್ಷಣಕಾಲ ನಿಲ್ಲುತ್ತದೆ, ಧ್ವನಿಪೆಟ್ಟಿಗೆ ಮೇಲೇರಿ ಮುಚ್ಚಿಕೊಳ್ಳುತ್ತದೆ, ಅನ್ನನಾಳದ ಬಾಯಿ ತೆರೆಯುತ್ತದೆ. ಇವೆಲ್ಲ ಸರಿಯಾದ ಸಮಯಕ್ಕೆ ಆಗಬೇಕಾದರೆ ಮೆದುಳಿನಿಂದ ಹೊರಟ ಸಂದೇಶ ತಡವಾಗಬಾರದು. ಎಂಎಸ್‌ನಲ್ಲಿ ನರತಂತುಗಳ ಮಯಲಿನ್ ಹೊದಿಕೆ ಹಾಳಾಗಿ ಸಂದೇಶ ನಿಧಾನವಾಗುತ್ತದೆ. ಎಂಆರ್‌ಐಯಲ್ಲಿ ಮೆದುಳಿನ ಕಾಂಡದಲ್ಲೋ ಕಿರುಮೆದುಳಿನಲ್ಲೋ ಕಲೆಗಳು ಕಂಡಿದ್ದರೆ ಈ ತೊಂದರೆಯ ಸಾಧ್ಯತೆ ಹೆಚ್ಚು. ತೆಳುವಾದ ನೀರು ಬಹಳ ಬೇಗ ಕೆಳಗೆ ಹರಿಯುತ್ತದೆ. ಗಂಟಲು ಮುಚ್ಚುವುದು ಒಂದಿಷ್ಟು ತಡವಾದರೂ ಅದು ಶ್ವಾಸನಾಳದ ಕಡೆ ಇಳಿದುಬಿಡುತ್ತದೆ.

ಹಾಗೆ ಇಳಿದಾಗ ಕೆಮ್ಮು ಬಂದರೆ ಒಳ್ಳೆಯದು, ದೇಹ ತನ್ನನ್ನು ಕಾಪಾಡಿಕೊಳ್ಳುತ್ತಿದೆ ಎಂದರ್ಥ. ಗಂಟಲಿನ ಸಂವೇದನೆಯೇ ಕುಗ್ಗಿದ್ದರೆ ನೀರು ಶ್ವಾಸಕೋಶದವರೆಗೆ ಹೋದರೂ ಕೆಮ್ಮು ಬರುವುದಿಲ್ಲ. ಆದ್ದರಿಂದ ‘ಕೆಮ್ಮಿಲ್ಲ, ಹಾಗಾಗಿ ತೊಂದರೆಯಿಲ್ಲ’ ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇಲ್ಲಿ ಹೇಳುವ ಪರೀಕ್ಷೆಯ ಹಂತಗಳನ್ನು ಒಂದಾದ ಮೇಲೊಂದರಂತೆ ಮಾಡಬೇಕಾದ್ದು ಇದೇ ಕಾರಣಕ್ಕೆ.

ಯಾವಾಗ ಮಾಡಬೇಕು?

ರೋಗ ಪತ್ತೆಯಾದಾಗ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಮಾಡಬೇಕು. ರೋಗ ಮರುಕಳಿಸಿದಾಗ, ಮಾತು ತೊದಲಲು ಶುರುವಾದಾಗ, ಕಾರಣ ತಿಳಿಯದ ಜ್ವರ ಅಥವಾ ಎದೆಯ ಸೋಂಕು ಬಂದಾಗ ವರ್ಷ ತುಂಬಲಿ ಎಂದು ಕಾಯಬಾರದು. ಸ್ನಾಯು ಬಿಗಿತಕ್ಕೆ ಕೊಡುವ ಬ್ಯಾಕ್ಲೋಫೆನ್ ಮಂಪರು ತರಬಲ್ಲದು. ಮೂತ್ರದ ಅವಸರಕ್ಕೆ ಕೊಡುವ ಆಕ್ಸಿಬ್ಯುಟಿನಿನ್, ಸೋಲಿಫೆನಾಸಿನ್‌ನಂಥ ಮಾತ್ರೆಗಳು ಬಾಯಿ ಒಣಗಿಸುತ್ತವೆ. ಇಂಥ ಔಷಧಿಯ ಪ್ರಮಾಣ ಬದಲಾದಾಗಲೂ ಮತ್ತೊಮ್ಮೆ ನೋಡುವುದು ಒಳ್ಳೆಯದು.

ದಿನದ ಯಾವ ಹೊತ್ತಿನಲ್ಲಿ ನೋಡುತ್ತೇವೆ ಎಂಬುದೂ ಮುಖ್ಯ. ಎಂಎಸ್‌ನಲ್ಲಿ ಸುಸ್ತು ಸಂಜೆಯ ಹೊತ್ತಿಗೆ ಏರುತ್ತದೆ, ಸೆಖೆಯಲ್ಲಿ ನರಗಳ ಕೆಲಸ ಇನ್ನಷ್ಟು ಕುಂದುತ್ತದೆ. ಬೆಳಿಗ್ಗೆ ಹತ್ತಕ್ಕೆ, ತಂಪಾದ ಓಪಿಡಿಯಲ್ಲಿ ಸಲೀಸಾಗಿ ನುಂಗಿದವರು ರಾತ್ರಿಯ ಊಟದಲ್ಲಿ ತಡವರಿಸಬಹುದು. ಆಸ್ಪತ್ರೆಯಲ್ಲಿ ಬೆಳಿಗ್ಗೆ ಪರೀಕ್ಷೆ ಮಾಡಿದ್ದರೆ ರಾತ್ರಿಯ ಊಟವನ್ನು ಮನೆಯವರು ಗಮನಿಸಿ ಹೇಳಬೇಕು.

ಮೊದಲು ಕೇಳಿ

ಎಂಎಸ್ ಇರುವವರಿಗೆಂದೇ ಇಟಲಿಯ ನರರೋಗ ತಜ್ಞರು ರೂಪಿಸಿ 2008ರಲ್ಲಿ ಪ್ರಕಟಿಸಿದ ಡೈಮಸ್ ಎಂಬ ಪ್ರಶ್ನಾವಳಿ ಇದೆ. ಹತ್ತು ಪ್ರಶ್ನೆಗಳು, ಉತ್ತರ ಹೌದು ಅಥವಾ ಇಲ್ಲ, ಹೌದಿಗೆ ಒಂದು ಅಂಕ. ಮೂರು ಪ್ರಶ್ನೆಗಳು ದ್ರವಕ್ಕೆ ಸಂಬಂಧಿಸಿದವು. ಉಳಿದ ಏಳು ಗಟ್ಟಿ ಆಹಾರದ ಗುಂಪಿಗೆ ಸೇರುತ್ತವೆ, ತೂಕ ಇಳಿದಿದೆಯೇ ಎಂಬ ಪ್ರಶ್ನೆಯೂ ಇದರಲ್ಲೇ ಇದೆ. ಐದು ನಿಮಿಷವೂ ಬೇಡ. ಒಂದೇ ಒಂದು ಹೌದು ಬಂದರೂ ಮುಂದಿನ ಹಂತಕ್ಕೆ ಹೋಗುವುದು ಕ್ಷೇಮ.

ಪ್ರಶ್ನೆಗಳನ್ನು ನಮ್ಮ ಊಟಕ್ಕೆ, ನಮ್ಮ ಮಾತಿಗೆ ಹೊಂದಿಸಿ ಕೇಳಿದರಷ್ಟೇ ಸರಿಯಾದ ಉತ್ತರ ಸಿಗುತ್ತದೆ. ‘ದ್ರವ ನುಂಗಲು ತೊಂದರೆಯೇ’ ಎಂದು ಕೇಳುವ ಬದಲು ‘ನೀರು, ಮಜ್ಜಿಗೆ ಕುಡಿಯುವಾಗ ನೆತ್ತಿಗೇರುತ್ತಾ? ವಾರಕ್ಕೆ ಎಷ್ಟು ಸಲ?’ ಎಂದು ಕೇಳಿ. ‘ಚಪಾತಿ, ಉಪ್ಪಿಟ್ಟು ಗಂಟಲಲ್ಲೇ ನಿಂತ ಹಾಗೆ ಅನ್ನಿಸುತ್ತಾ? ಒಂದು ತುತ್ತಿಗೆ ಎರಡು ಮೂರು ಸಲ ನುಂಗಬೇಕಾ? ಮಾತ್ರೆ ನುಂಗಲು ಎಷ್ಟು ಗುಟುಕು ನೀರು ಬೇಕು? ಮೊದಲು ಇಷ್ಟಪಟ್ಟು ತಿನ್ನುತ್ತಿದ್ದ ಯಾವುದನ್ನಾದರೂ ಬಿಟ್ಟಿದ್ದೀರಾ?’ ಎಂದೂ ಕೇಳಿ. ಈ ಕೊನೆಯ ಪ್ರಶ್ನೆ ಡೈಮಸ್‌ನಲ್ಲಿ ಇಲ್ಲ. ಆದರೂ ಎಲ್ಲಕ್ಕಿಂತ ಹೆಚ್ಚು ವಿಷಯ ಹೊರಬರುವುದು ಇದರಿಂದಲೇ.

ಜೊತೆಯಲ್ಲಿ ಊಟಕ್ಕೆ ಕೂರುವವರನ್ನೂ ಬೇರೆಯಾಗಿ ಕೇಳಬೇಕು. ಎಂಎಸ್ ಕೆಲವರಲ್ಲಿ ನೆನಪು, ಗಮನಗಳನ್ನೂ ಕುಗ್ಗಿಸುವುದರಿಂದ ರೋಗಿ ಹೇಳಿದ್ದಷ್ಟೇ ಸಾಲದು. ತೂಕವನ್ನು ಅಂದಾಜಿನಲ್ಲಿ ಹೇಳಬೇಡಿ, ತೂಗಿ ಬರೆದಿಡಿ. ಪ್ರಯತ್ನಪಡದೆ ಆರು ತಿಂಗಳಲ್ಲಿ ಶೇ 10ರಷ್ಟು, ಅಂದರೆ 60 ಕಿಲೋ ಇದ್ದವರು 54ಕ್ಕೆ ಇಳಿದಿದ್ದರೆ ಅದು ಗಂಭೀರ.

ಬಾಯಿ, ದನಿ, ಕೆಮ್ಮು ನೋಡಿ

ನೇರವಾಗಿ ಕೂರಿಸಿ, ಬೆಳಕಿನಲ್ಲಿ ಬಾಯಿ ತೆರೆಸಿ. ನಾಲಿಗೆಯನ್ನು ಹೊರಗೆ ಚಾಚಲು, ಎರಡೂ ಕೆನ್ನೆಗಳ ಒಳಬದಿಗೆ ಒತ್ತಲು ಹೇಳಿ. ತುಟಿ ಬಿಗಿಯಾಗಿ ಮುಚ್ಚುತ್ತದೆಯೇ, ಮುಖ ಒಂದು ಕಡೆ ಜೋತಿದೆಯೇ, ಊಟ ಮುಗಿದು ಎಷ್ಟೋ ಹೊತ್ತಾದರೂ ಅನ್ನದ ಅಗುಳು ಕೆನ್ನೆಯ ಸಂದಿಯಲ್ಲಿ ಉಳಿದಿದೆಯೇ ನೋಡಿ. ಹಲ್ಲು, ನಾಲಿಗೆ ಶುಚಿಯಾಗಿರಲಿ. ಎಂಜಲು ಶ್ವಾಸಕೋಶಕ್ಕೆ ಇಳಿದಾಗ ಅದರೊಡನೆ ಬಾಯಿಯ ಬ್ಯಾಕ್ಟೀರಿಯಾವೂ ಇಳಿದು ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ.

ಆಮೇಲೆ ‘ಆ’ ಎಂದು ಎಳೆದು ಹೇಳಿಸಿ. ದನಿಯಲ್ಲಿ ಗುಳುಗುಳು ಸದ್ದು ಬೆರೆತಿದ್ದರೆ ಧ್ವನಿಪೆಟ್ಟಿಗೆಯ ಮೇಲೆ ಎಂಜಲು ನಿಂತಿರಬಹುದು. ಬೇಕೆಂದೇ ಜೋರಾಗಿ ಕೆಮ್ಮಲು ಹೇಳಿ. ಕೆಮ್ಮಿನಲ್ಲಿ ಬಲವಿಲ್ಲದಿದ್ದರೆ ದಾರಿ ತಪ್ಪಿದ ನೀರನ್ನು ಹೊರಹಾಕುವ ಶಕ್ತಿ ಕಡಿಮೆ ಎಂದು ತಿಳಿಯಬೇಕು. ಗಂಟಲ ಹಿಂಭಾಗ ಮುಟ್ಟಿ ಓಕರಿಕೆ ಬರುತ್ತದೆಯೇ ಎಂದು ನೋಡಿ ‘ನುಂಗುವುದು ಸರಿ ಇದೆ’ ಎಂದು ತೀರ್ಮಾನಿಸುವ ಹಳೆಯ ರೂಢಿಯನ್ನು ಬಿಡಬೇಕು. ಆರೋಗ್ಯವಂತರಲ್ಲೂ ಎಷ್ಟೋ ಜನರಿಗೆ ಓಕರಿಕೆ ಬರುವುದಿಲ್ಲ. ಓಕರಿಕೆ ಬಂದವರಲ್ಲೂ ನುಂಗುವ ತೊಂದರೆ ಇರಬಹುದು.

ಎಂಜಲು ನುಂಗಿಸಿ ಎಣಿಸಿ

ನೀರು ಕೊಡದೆಯೇ ಮಾಡಬಹುದಾದ್ದರಿಂದ ಮನೆಯಲ್ಲೂ ಮಾಡಬಹುದಾದ ಪರೀಕ್ಷೆ ಇದು. ಬೆರಳುಗಳನ್ನು ಕತ್ತಿನ ಮುಂಭಾಗದಲ್ಲಿ ಮೆತ್ತಗೆ ಇಡಿ: ತೋರುಬೆರಳು ಗದ್ದದ ಕೆಳಗೆ, ಮಧ್ಯದ ಬೆರಳು ಗಂಟಲಿನ ಉಬ್ಬಿನ ಮೇಲ್ಗಡೆ, ಉಂಗುರದ ಬೆರಳು ಉಬ್ಬಿನ ಮೇಲೆ. ಒತ್ತಬಾರದು. ಮೂವತ್ತು ಸೆಕೆಂಡುಗಳಲ್ಲಿ ಎಷ್ಟು ಸಲ ಆಗುತ್ತದೋ ಅಷ್ಟು ಸಲ ಎಂಜಲು ನುಂಗಲು ಹೇಳಿ. ಉಬ್ಬು ಬೆರಳನ್ನು ದಾಟಿ ಮೇಲೇರಿ ಮತ್ತೆ ಇಳಿದರೆ ಮಾತ್ರ ಒಂದು ಎಂದು ಎಣಿಸಿ. ಮೂರಕ್ಕಿಂತ ಕಡಿಮೆಯಾದರೆ ತಜ್ಞರಿಗೆ ತೋರಿಸಬೇಕು.

ಉಬ್ಬು ಸ್ವಲ್ಪ ಅಲುಗಿದ್ದನ್ನೂ ನುಂಗಿದ ಲೆಕ್ಕಕ್ಕೆ ಸೇರಿಸಿಬಿಡುವುದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಬಾಯಿ ಒಣಗಿದ್ದಾಗಲೂ ಲೆಕ್ಕ ಕೆಡುತ್ತದೆ. ಎಷ್ಟೋ ಜನ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆಂದು ನೀರನ್ನೇ ಕಡಿಮೆ ಕುಡಿಯುತ್ತಿರುತ್ತಾರೆ. ಅಂಥವರ ನಾಲಿಗೆಯನ್ನು ಒದ್ದೆ ಹತ್ತಿಯಿಂದ ಒರೆಸಿ ನಂತರ ಶುರುಮಾಡಿ.

ಊಟವನ್ನು ಗಮನಿಸಿ

ಒಂದು ಇಡೀ ಊಟವನ್ನು ಮೊದಲಿನಿಂದ ಕೊನೆಯವರೆಗೆ ನೋಡಬೇಕು. ಮೊದಲ ನಾಲ್ಕು ತುತ್ತು ನೋಡಿ ಎದ್ದುಬಿಟ್ಟರೆ ಪ್ರಯೋಜನವಿಲ್ಲ, ಏಕೆಂದರೆ ಎಂಎಸ್‌ನ ದಣಿವು ಕಾಣಿಸಿಕೊಳ್ಳುವುದು ಊಟದ ಕೊನೆಯ ಭಾಗದಲ್ಲಿ. ಗಡಿಯಾರ ನೋಡಿ: ಮೊದಲು ಹದಿನೈದು ನಿಮಿಷಕ್ಕೆ ಮುಗಿಯುತ್ತಿದ್ದ ಊಟ ಈಗ ಮುಕ್ಕಾಲು ಗಂಟೆ ಹಿಡಿಯುತ್ತಿದೆಯೇ? ನುಂಗಲು ತಲೆಯನ್ನು ಹಿಂದಕ್ಕೆ ಎತ್ತುತ್ತಾರೆಯೇ? ಪ್ರತಿ ತುತ್ತಿಗೂ ನೀರು ಬೇಕೇ? ಕಣ್ಣಲ್ಲಿ ನೀರು, ಮೂಗಿನಿಂದ ಸೋರಿಕೆ, ಊಟದ ನಂತರ ಬದಲಾದ ದನಿ, ಇವನ್ನೆಲ್ಲ ಬರೆದುಕೊಳ್ಳಿ.

ನಮ್ಮ ಅಡುಗೆಯಲ್ಲಿ ಕೆಲವು ಪದಾರ್ಥಗಳು ತೊಂದರೆಯನ್ನು ಬೇಗ ಹೊರಗೆಡಹುತ್ತವೆ. ತೆಳುವಾದ ಸಾರಿನಲ್ಲಿ ಕಲಸಿದ ಅನ್ನ, ಹಾಲಿನಲ್ಲಿ ನೆನೆದ ಅವಲಕ್ಕಿ ನೋಡಲು ಮೆತ್ತಗಿವೆ. ಆದರೆ ಬಾಯಿಯಲ್ಲಿ ಅಗುಳನ್ನು ಅಗಿಯುತ್ತಿರುವಾಗಲೇ ಸಾರು, ಹಾಲು ಬೇರ್ಪಟ್ಟು ಮೊದಲೇ ಗಂಟಲಿಗೆ ಹರಿಯುತ್ತದೆ. ಉದುರುದುರು ಚಿತ್ರಾನ್ನ, ಮಂಡಕ್ಕಿ, ಚಟ್ನಿಪುಡಿ ಒಂದಾಗಿ ಉಂಡೆ ಕಟ್ಟುವುದಿಲ್ಲ. ಇನ್ನು ರಾಗಿಮುದ್ದೆ. ಅದನ್ನು ಅಗಿಯದೆ ನುಂಗುವುದೇ ನಮ್ಮ ಕ್ರಮ. ಆರೋಗ್ಯವಂತ ಗಂಟಲಿಗೆ ಅದು ಸಲೀಸು. ಗಂಟಲಿನ ಬಲ ಕುಂದಿದವರಲ್ಲಿ ಅಂಟು ತುತ್ತು ಅಲ್ಲೇ ನಿಂತು ಉಸಿರುಕಟ್ಟಿಸಬಹುದು. ಮುದ್ದೆ ಉಣ್ಣುವ ಅಭ್ಯಾಸವಿದ್ದವರನ್ನು ಅದರ ಬಗ್ಗೆ ತಪ್ಪದೇ ಕೇಳಿ. ಆದರೆ ಗಂಟಲು ಹೇಗಿದೆ ನೋಡೋಣ ಎಂದು ಮುದ್ದೆಯನ್ನೇ ತಿನ್ನಿಸಿ ಪರೀಕ್ಷಿಸಬೇಡಿ.

ನೀರಿನ ಪರೀಕ್ಷೆ

ಇದನ್ನು ತರಬೇತಿ ಪಡೆದ ನರ್ಸ್, ವೈದ್ಯರು ಅಥವಾ ಸ್ಪೀಚ್ ಥೆರಪಿಸ್ಟ್ ಮಾಡಬೇಕು. ಮನೆಯಲ್ಲಿ ಬೇಡ. ಮಂಪರಿನಲ್ಲಿರುವವರಿಗೆ, ಬೆನ್ನು ನೇರ ಮಾಡಿ ಕೂರಲಾಗದವರಿಗೆ, ತಮ್ಮ ಎಂಜಲನ್ನೇ ನುಂಗಲಾಗದವರಿಗೆ, ಆಗಲೇ ನ್ಯುಮೋನಿಯಾ ಇರುವವರಿಗೆ ಇದನ್ನು ಮಾಡುವಂತಿಲ್ಲ. ಅವರನ್ನು ನೇರ ತಜ್ಞರಿಗೆ ಕಳುಹಿಸಬೇಕು.

ಅಳತೆ 90 ಮಿಲಿಲೀಟರ್ ಸಾದಾ ನೀರು. ಕಣ್ಣಂದಾಜು ಬೇಡ, ಸಿರಿಂಜಿನಿಂದ ಅಳೆದು ಅಗಲ ಬಾಯಿಯ ಲೋಟಕ್ಕೆ ಹಾಕಿ. ಕಿರಿದಾದ ಲೋಟವಾದರೆ ಕೊನೆಯ ಗುಟುಕಿಗೆ ತಲೆ ಹಿಂದಕ್ಕೆ ಬಾಗುತ್ತದೆ, ಗಂಟಲಿನ ದಾರಿ ಇನ್ನಷ್ಟು ತೆರೆದುಕೊಳ್ಳುತ್ತದೆ. ಸ್ಟ್ರಾದಿಂದಲೂ ಕುಡಿಸಬಹುದು. ಎಲ್ಲಿಯೂ ನಿಲ್ಲಿಸದೆ, ಆದರೆ ಗಡಿಬಿಡಿಯಿಲ್ಲದೆ ಪೂರ್ತಿ ಕುಡಿಯಲು ಹೇಳಿ. ಕುಡಿಯುವಾಗ ಮಾತಾಡಿಸಬಾರದು. ಮುಗಿದ ಮೇಲೆ ಒಂದು ನಿಮಿಷ ಗಮನಿಸಿ. ನಡುವೆ ನಿಲ್ಲಿಸಿದರೆ, ಮುಗಿಸಲು ಆಗದಿದ್ದರೆ, ಕುಡಿಯುವಾಗಲೋ ಕೂಡಲೇ ಆಮೇಲೋ ಕೆಮ್ಮಿದರೆ, ಉಸಿರುಗಟ್ಟಿದಂತಾದರೆ ಪರೀಕ್ಷೆಯಲ್ಲಿ ತೇರ್ಗಡೆಯಾಗಿಲ್ಲ ಎಂದರ್ಥ. ಕೆಮ್ಮು ಬಂದ ತಕ್ಷಣ ಲೋಟ ತೆಗೆದುಕೊಳ್ಳಿ, ‘ಇನ್ನು ಸ್ವಲ್ಪ ಇದೆ, ಮುಗಿಸಿಬಿಡಿ’ ಎನ್ನಬೇಡಿ. ಕೊನೆಯಲ್ಲಿ ಮತ್ತೆ ‘ಆ’ ಎನ್ನಿಸಿ, ಮೊದಲಿನ ದನಿಯೊಡನೆ ಹೋಲಿಸಿ.

ಪಾಪ, ಕಷ್ಟವಾದೀತು ಎಂದು ಚಮಚದಲ್ಲಿ ಅಥವಾ ಗುಟುಕು ಗುಟುಕಾಗಿ ಕುಡಿಸಿದರೆ ಪರೀಕ್ಷೆಯೇ ಕೆಡುತ್ತದೆ. ಸಣ್ಣ ಗುಟುಕು ದಾರಿ ತಪ್ಪಿದರೂ ಕೆಮ್ಮು ಏಳದಿರಬಹುದು. ನಿಲ್ಲದೆ ಹರಿಯುವ ಹೆಚ್ಚು ನೀರು ಸಂವೇದನೆ ಕುಗ್ಗಿದ ಗಂಟಲನ್ನೂ ಕೆಮ್ಮಿಸುವ ಸಾಧ್ಯತೆ ಹೆಚ್ಚು. ಪ್ರಮಾಣ 90 ಮಿಲಿ ಇರುವುದು ಅದಕ್ಕೇ.

ಇದು ಜರಡಿ ಮಾತ್ರ, ರೋಗನಿರ್ಣಯ ಅಲ್ಲ. ಬೇರೆ ಬೇರೆ ಕಾಯಿಲೆಗಳ 3,000 ರೋಗಿಗಳನ್ನು ಒಳಗೊಂಡ, 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೀರು ಶ್ವಾಸನಾಳಕ್ಕೆ ಇಳಿಯುತ್ತಿದ್ದವರಲ್ಲಿ ಬಹುತೇಕ ಎಲ್ಲರನ್ನೂ ಈ ಪರೀಕ್ಷೆ ಹಿಡಿದಿತ್ತು. ಅದರ ಜೊತೆಗೆ ಗಂಟಲನ್ನು ಕ್ಯಾಮೆರಾ ನಳಿಕೆಯಿಂದ ನೋಡುವ ಎಂಡೋಸ್ಕೋಪಿಯಲ್ಲಿ ಸರಿಯಿದ್ದವರಲ್ಲೂ ಸುಮಾರು ಅರ್ಧದಷ್ಟು ಜನ ಇದರಲ್ಲಿ ತೇರ್ಗಡೆಯಾಗಿರಲಿಲ್ಲ. ಹಾಗಾಗಿ ನೀರಿನ ಪರೀಕ್ಷೆಯೊಂದನ್ನೇ ನಂಬಿ ಬಾಯಿಂದ ಊಟ ನಿಲ್ಲಿಸುವುದಾಗಲಿ, ಮೂಗಿನ ನಳಿಕೆ ಹಾಕುವುದಾಗಲಿ ಸರಿಯಲ್ಲ. ತೇರ್ಗಡೆಯಾದವರಿಗೂ ಪದೇ ಪದೇ ಎದೆಯ ಸೋಂಕು ಬರುತ್ತಿದ್ದರೆ ಮುಂದಿನ ಪರೀಕ್ಷೆ ಬೇಕು. ಬೆರಳಿಗೆ ಹಾಕುವ ಆಕ್ಸಿಮೀಟರ್ ಅನ್ನು ಜೊತೆಗಿಟ್ಟು ರಕ್ತದ ಆಮ್ಲಜನಕದಲ್ಲಿ ಶೇ 3ರಷ್ಟು ಇಳಿಕೆಯನ್ನು ಗಮನಿಸುವವರಿದ್ದಾರೆ, ಆದರೆ ಅದೊಂದರ ಮೇಲೆ ತೀರ್ಮಾನಿಸಲಾಗದು.

ಮುಂದೇನು?

ಖಚಿತವಾಗಿ ತಿಳಿಯಲು ಎರಡು ದಾರಿಗಳಿವೆ. ಒಂದರಲ್ಲಿ ಮೂಗಿನ ಮೂಲಕ ತೆಳುವಾದ ಕ್ಯಾಮೆರಾ ನಳಿಕೆ ಇಳಿಸಿ, ಬಣ್ಣ ಬೆರೆಸಿದ ಆಹಾರ ಎಲ್ಲಿ ಹೋಗುತ್ತದೆಂದು ನೋಡುತ್ತಾರೆ. ಇನ್ನೊಂದರಲ್ಲಿ ಬೇರಿಯಂ ಬೆರೆಸಿದ ಆಹಾರ ನುಂಗಿಸಿ ಎಕ್ಸ್‌ರೇ ವಿಡಿಯೊ ತೆಗೆಯುತ್ತಾರೆ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು ಮತ್ತು ನುಂಗುವ ತೊಂದರೆಗಳ ತಜ್ಞರಿದ್ದಾರೆ. ಹೋಗುವಾಗ ಪ್ರಶ್ನಾವಳಿಯ ಉತ್ತರ, ತೂಕದ ಪಟ್ಟಿ, ತೆಗೆದುಕೊಳ್ಳುವ ಎಲ್ಲ ಔಷಧಿಗಳ ಹೆಸರು, ಊಟದ ಒಂದು ಮೊಬೈಲ್ ವಿಡಿಯೊ ಒಯ್ಯಿರಿ. ರಾತ್ರಿಯ ಊಟದ ವಿಡಿಯೊ ಆದರೆ ಇನ್ನೂ ಒಳ್ಳೆಯದು.

ಅಲ್ಲಿಯವರೆಗೆ ನೇರವಾಗಿ ಕೂತು ಉಣ್ಣುವುದು, ಸಣ್ಣ ತುತ್ತು, ಒಂದು ನುಂಗಿದ ಮೇಲೆ ಇನ್ನೊಂದು, ಊಟದ ಹೊತ್ತಿನಲ್ಲಿ ಟಿ.ವಿ. ಇಲ್ಲದಿರುವುದು, ಊಟದ ನಂತರ ಅರ್ಧ ಗಂಟೆ ಮಲಗದಿರುವುದು, ದಿನಕ್ಕೆರಡು ಸಲ ಬಾಯಿ ಶುಚಿ, ಇಷ್ಟನ್ನು ಯಾರು ಬೇಕಾದರೂ ಪಾಲಿಸಬಹುದು. ನೀರನ್ನು ಗಟ್ಟಿ ಮಾಡುವ ಪುಡಿಯನ್ನು ನೀವೇ ತಂದು ಬೆರೆಸಬೇಡಿ. ರುಚಿ ಹಿಡಿಸದೆ ಕುಡಿಯುವುದೇ ಕಡಿಮೆಯಾಗಿ ನಿರ್ಜಲೀಕರಣವಾಗಬಹುದು. ಗದ್ದವನ್ನು ಎದೆಯ ಕಡೆ ಬಾಗಿಸಿ ನುಂಗುವ ಉಪಾಯವೂ ಎಲ್ಲರಿಗೂ ಒಗ್ಗುವುದಿಲ್ಲ, ಯಾರಿಗೆ ಒಗ್ಗುತ್ತದೆಂದು ಪರೀಕ್ಷೆಯಲ್ಲೇ ನೋಡಿ ಹೇಳಬೇಕು.

ಮಾತ್ರೆ ಗಂಟಲಲ್ಲಿ ಇಳಿಯುತ್ತಿಲ್ಲವೆಂದು ಎಲ್ಲವನ್ನೂ ಒಟ್ಟಿಗೆ ಕುಟ್ಟಿ ಜೇನುತುಪ್ಪದಲ್ಲಿ ಕಲಸಿ ಕೊಡುವುದುಂಟು. ಎಂಎಸ್‌ನ ಕೆಲವು ಔಷಧಿಗಳಲ್ಲಿ ಇದು ಅಪಾಯ. ನಡಿಗೆಗೆಂದು ಕೊಡುವ ಫ್ಯಾಂಪ್ರಿಡಿನ್ ಮಾತ್ರೆ ನಿಧಾನವಾಗಿ ಕರಗುವಂತೆ ಮಾಡಿದ್ದು. ಅದನ್ನು ಪುಡಿ ಮಾಡಿದರೆ ಔಷಧಿ ಒಮ್ಮೆಗೇ ರಕ್ತ ಸೇರಿ ಫಿಟ್ಸ್ ಬರಬಹುದು. ಡೈಮಿಥೈಲ್ ಫ್ಯೂಮರೇಟ್ ಕ್ಯಾಪ್ಸೂಲನ್ನೂ ಬಿಡಿಸಿ ಕೊಡುವಂತಿಲ್ಲ. ಇಂಥ ಔಷಧಿ ನುಂಗಲಾಗದಿದ್ದರೆ ಅದನ್ನು ಬರೆದುಕೊಟ್ಟ ವೈದ್ಯರಿಗೆ ಅಂದೇ ಫೋನ್ ಮಾಡಿ, ಬೇರೆ ರೂಪದ ಅಥವಾ ಬೇರೆ ಔಷಧಿ ಕೇಳಿ.